ತುಪಾಕಿ ಅಣ್ಣ

ಚಿಂತಾಮಣಿಯಲ್ಲೋ ಶಿಡ್ಲಘಟ್ಟದಲ್ಲೋ ಟೀ ಅಂಗಡಿ ಬೆಂಚಿನ ಮೇಲೆ ಮೀಸೆ ತೀಡುತ್ತ ಯಾರಾದರೂ ರೈಫಲ್ಲಿನ ಪಾಠ ಹೇಳುತ್ತಿದ್ದರೆ ಅನುಮಾನವೇ ಬೇಡ, ಅವರೇ ತುಪಾಕಿ ಅಣ್ಣ. ಹೋಬಳಿಗೊಬ್ಬರು ಇದ್ದೇ ಇರುತ್ತಾರೆ. ಇರುವುದು ಅಪ್ಪನ ಕಾಲದ ಒಂಟಿ ನಳಿಕೆ ಬಂದೂಕು, ಬೆಳೆ ಕಾಯಲು ಸಿಕ್ಕ ಲೈಸೆನ್ಸು. ಮನಸ್ಸಿರುವುದು ಮಾತ್ರ ರೈಫಲ್ ಮೇಲೆ.

ಅಮೆರಿಕದವರು ಗ್ಯಾರೇಜಿನಲ್ಲಿ ರೈಫಲ್ ಜೋಡಿಸುವುದನ್ನು ಮೊಬೈಲಿನಲ್ಲಿ ನೋಡಿ ನೋಡಿ ಅಣ್ಣ ಪಂಡಿತರಾಗಿದ್ದಾರೆ. "ನಳಿಕೆ, ಮರದ ಹಿಡಿ ಯಾವಾಗ ಬೇಕಾದ್ರೂ ಬದಲಾಯಿಸ್ಬೋದಪ್ಪಾ. ಬೋಲ್ಟು ಓಡಾಡೋ ಬಾಡಿ ಐತಲ್ಲ, ರಿಸೀವರ್ರು, ಅದನ್ನ ನೋಡಿ ಆರಿಸ್ಬೇಕು. ಅಲ್ಲಿ ನಂಬರ್ ಹೊಡೆಯೋದೂ ಅದ್ರ ಮೇಲೇ!" ಈ ವಾರ ಉಕ್ಕಿನದು, ಮುಂದಿನ ವಾರ ಅಲ್ಯೂಮಿನಿಯಂ. ಚೆಲ್ಲಿದ ಟೀಯಲ್ಲಿ ಬೆರಳದ್ದಿ ಮೇಜಿನ ಮೇಲೆ ಅದರ ಚಿತ್ರ ಬರೆಯುತ್ತಾರೆ. ಬೋಲ್ಟಿನ ಹತ್ತಿರ ಬರುವಷ್ಟರಲ್ಲಿ ಅಂಗಡಿ ಹುಡುಗ ಬಟ್ಟೆ ತಂದು ಒರೆಸಿಬಿಡುತ್ತಾನೆ.

"ಅಣ್ಣಾ, ಲೈಸೆನ್ಸಿಲ್ದೆ ಮನೇಲಿ ಜೋಡಿಸಿದ್ರೆ?" ಎಂದು ನಿವೃತ್ತ ಮೇಷ್ಟ್ರು ಕೆಣಕುತ್ತಾರೆ. 1959ರ ಆಯುಧ ಕಾಯ್ದೆಯಲ್ಲಿ ಬಿಡಿಭಾಗವೂ ಆಯುಧವೇ. 2019ರ ತಿದ್ದುಪಡಿಯಾದ ಮೇಲೆ ಕನಿಷ್ಠ ಏಳು ವರ್ಷ ಜೈಲು. ಅಣ್ಣ ತಕ್ಷಣ ಸ್ವದೇಶಿಯಾಗುತ್ತಾರೆ. "ಅವೆಲ್ಲ ಯಾಕೆ? ನಮ್ ಸರ್ಕಾರದ್ದೇ ಇಷಾಪುರದ .315 ಐತೆ. ಅದ್ರ ಬಾಡಿ ಬ್ರಿಟಿಷರ ಲೀ-ಎನ್‌ಫೀಲ್ಡ್ ವಂಶದ್ದು!" ವಂಶದ ಮಾತು ಬಂದ ಮೇಲೆ ಇನ್ನೊಂದು ಟೀ ಹೇಳಲೇಬೇಕು.

ಗೌರಿಬಿದನೂರಿನಲ್ಲಿ ಈ ವರ್ಣನೆ ಅಷ್ಟು ನಡೆಯುವುದಿಲ್ಲ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಧ್ವಜ ಹಿಡಿದು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದನ್ನು ಕೇಳಿ ಬೆಳೆದ ಊರದು. ಅಲ್ಲಿಯ ತುಪಾಕಿ ಅಣ್ಣ ದನಿ ತಗ್ಗಿಸಿಯೇ ಮಾತಾಡಬೇಕು.

ಇತ್ತ ಅಸಲಿ ಬಂದೂಕಿನ ಪಾಡು ಕೇಳಿ. 2023ರ ವಿಧಾನಸಭೆ ಚುನಾವಣೆಗೆ ಠಾಣೆ ಸೇರಿತು, 2024ರ ಲೋಕಸಭೆಗೆ ಮತ್ತೆ ಸೇರಿತು. ಠಾಣೆ ಕೊಟ್ಟ ರಶೀದಿ ಪಹಣಿಯ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಭದ್ರವಾಗಿದೆ. ಬಂದೂಕು ಮನೆಗೆ ಬಂದರೂ ಪ್ರಯೋಜನ ಅಷ್ಟಕ್ಕಷ್ಟೇ. ಹೊಲಕ್ಕೆ ನುಗ್ಗುವುದು ನವಿಲು, ಅದನ್ನು 1972ರ ವನ್ಯಜೀವಿ ಕಾಯ್ದೆ ಕಾಯುತ್ತದೆ. ನೆಲಗಡಲೆಯನ್ನು ಕಾಯುವವರು ಅತ್ತಿಗೆ, ಎಣ್ಣೆ ಡಬ್ಬ ಬಡಿದು. ಆ ಡಬ್ಬಕ್ಕೆ ಲೈಸೆನ್ಸೂ ಬೇಡ, ರಿಸೀವರ್ರೂ ಬೇಡ.

ನಿಮಗೂ ಅಣ್ಣ ಎಲ್ಲಾದರೂ ಸಿಕ್ಕರೆ ಧಾರಾಳವಾಗಿ ಟೀ ಕೊಡಿಸಿ. ಯಾವ ರಿಸೀವರ್ ಒಳ್ಳೆಯದು ಎಂದು ಮಾತ್ರ ಕೇಳಬೇಡಿ, ಚಿಕ್ಕಬಳ್ಳಾಪುರದ ಕೊನೆ ಬಸ್ಸು ತಪ್ಪುತ್ತದೆ.