ಹುಳುಮನೆಯ ಧ್ಯಾನ

ತನ್ನನ್ನು ತಾನೇ ಬಯ್ದುಕೊಳ್ಳುವ ವಿದ್ಯೆಯಲ್ಲಿ ನನ್ನನ್ನು ಮೀರಿಸಿದವರು ಕನಕಪುರ ತಾಲ್ಲೂಕಿನಲ್ಲಿ ಇರಲಾರರೆಂದು ನಾನು ಬಹುಕಾಲದಿಂದ ನಂಬಿಕೊಂಡು ಬಂದಿರುವೆನು. ಸಾತನೂರು ಹೋಬಳಿಯ ಮಟ್ಟಿಗಂತೂ ಈ ವಿಷಯದಲ್ಲಿ ನನಗೆ ಪ್ರತಿಸ್ಪರ್ಧಿಯೇ ಇಲ್ಲ. ಪರನಿಂದೆ ಯಾರಿಗಾದರೂ ಸಾಧ್ಯ. ಅದಕ್ಕೆ ಒಂದು ಅರಳಿಕಟ್ಟೆ, ಇಬ್ಬರು ಸಂಗಡಿಗರು, ಅರ್ಧ ಲೋಟ ಕಾಫಿ ಇದ್ದರೆ ಸಾಕು. ಆತ್ಮನಿಂದೆಗಾದರೋ ಏಕಾಂತ ಬೇಕು, ತಾಳ್ಮೆ ಬೇಕು, ಎಲ್ಲಕ್ಕೂ ಮಿಗಿಲಾಗಿ ಅಸಾಧಾರಣವಾದ ಜ್ಞಾಪಕಶಕ್ತಿ ಬೇಕು. ನೆನ್ನೆ ಕನ್ನಡಕವನ್ನು ಎಲ್ಲಿಟ್ಟೆನೆಂಬುದು ನೆನಪಿಲ್ಲದ ನನಗೆ, ಯೌವನದಲ್ಲಿ ಹಿರಿಯರೊಬ್ಬರ ಸಾವಿನ ಮನೆಗೆ ಹೋಗಿ, ಸಾಂತ್ವನದ ಮಾತುಗಳನ್ನೆಲ್ಲ ಕ್ರಮವಾಗಿ ಆಡಿ ಮುಗಿಸಿ, ಏಳುವಾಗ ಕೈಮುಗಿದು 'ಹೋಗಿಬರುತ್ತೇನೆ' ಎಂದುಬಿಟ್ಟದ್ದೂ, ಅಂಗಳದಲ್ಲಿ ಕುಳಿತಿದ್ದವರೆಲ್ಲ ಒಮ್ಮೆಗೇ ತಲೆಯೆತ್ತಿದ್ದೂ, ದುಃಖದಲ್ಲಿ ಮುಳುಗಿದ್ದ ಆ ಮನೆಯ ಯಜಮಾನರು ಅಭ್ಯಾಸಬಲದಿಂದ 'ಆಗಾಗ ಬರುತ್ತಿರಿ' ಎಂದು ಉತ್ತರ ಕೊಟ್ಟದ್ದೂ ಅಕ್ಷರಕ್ಷರವಾಗಿ ನೆನಪಿವೆ.

ರಾತ್ರಿ ದೀಪವಾರಿದೊಡನೆ ನನ್ನೊಳಗೆ ನ್ಯಾಯಸ್ಥಾನ ಸೇರುತ್ತದೆ. ಫಿರ್ಯಾದಿಯೂ ನಾನೇ, ಆರೋಪಿಯೂ ನಾನೇ, ಪ್ರತ್ಯಕ್ಷಸಾಕ್ಷಿಯೂ ನಾನೇ ಆಗಿರುವುದರಿಂದ ಗೈರುಹಾಜರಿಯ ಪ್ರಸಂಗವೇ ಬರುವುದಿಲ್ಲ. ಕನಕಪುರದ ಕೋರ್ಟಿನಲ್ಲಾದರೆ ವಾಯಿದೆಯೆಂಬ ಒಂದು ದಯಾಪರವಾದ ಏರ್ಪಾಟುಂಟು. ಇಲ್ಲಿ ಅದೂ ಇಲ್ಲ. ಶಿಕ್ಷೆಯನ್ನು ಅನುಭವಿಸಿ ತೀರಿಸಿದ ಮೊಕದ್ದಮೆಯನ್ನೇ ಮರುರಾತ್ರಿ ಹೊಸದಾಗಿ ಹೂಡಲಾಗುತ್ತದೆ.

ಇದನ್ನು ನಾನು ವಿನಯವೆಂದೇ ಭಾವಿಸಿದ್ದೆನು. ಭಾವಿಸುವುದಕ್ಕೆ ಆಧಾರವೂ ಇತ್ತು: ನಮ್ಮ ಶರಣರೂ ಹರಿದಾಸರೂ ತಮ್ಮನ್ನು ತಾವು ಹಳಿದುಕೊಂಡಷ್ಟು ಮತ್ತಾರೂ ಹಳಿದುಕೊಂಡಿರಲಾರರು. ಆದರೆ ಬಸವಣ್ಣನವರ ಮುಂದೆ ಕೂಡಲಸಂಗಮನಿದ್ದನು, ಪುರಂದರದಾಸರ ಮುಂದೆ ವಿಠಲನಿದ್ದನು. ತಪ್ಪನ್ನೆಲ್ಲ ಅವನ ಪಾದದಲ್ಲಿ ಸುರಿದು ಹಗುರವಾಗಿ ಎದ್ದು ಹೋಗುವುದು ಅವರಿಗೆ ಸಾಧ್ಯವಿತ್ತು. ನನ್ನ ಮುಂದೆ ಇದ್ದುದು ಕನ್ನಡಿ ಮಾತ್ರ. ಡಿ. ವಿ. ಗುಂಡಪ್ಪನವರು 1943ರಲ್ಲಿ ಹೊರತಂದ ಕಗ್ಗದ 945 ಪದ್ಯಗಳ ಉದ್ದಕ್ಕೂ ತಿಮ್ಮನನ್ನು ಮಂಕು ಮಂಕು ಎಂದು ಕರೆದರೂ, ಆ ಕರೆಯಲ್ಲಿ ಅಜ್ಜ ಮೊಮ್ಮಗನ ಬೆನ್ನು ಸವರುವ ದನಿ ಕೇಳಿಸುತ್ತದೆಯೇ ಹೊರತು ಚಡಿಯೇಟಿನ ಸದ್ದು ಕೇಳಿಸುವುದಿಲ್ಲ. ನನ್ನ ನಿಂದೆಗೆ ಆ ದನಿಯೂ ಇರಲಿಲ್ಲ. ನಿಜ ಹೇಳುವುದಾದರೆ, 'ನನ್ನಂಥ ದಡ್ಡನಿಲ್ಲ' ಎಂಬ ಘೋಷಣೆಯಲ್ಲಿ ದಡ್ಡತನಕ್ಕಿಂತ 'ನನ್ನಂಥ' ಎಂಬ ಪದದ ಮೇಲೆಯೇ ನನಗೆ ಹೆಚ್ಚು ಮಮತೆ ಇತ್ತು. ಮೊದಲನೆಯ ಸ್ಥಾನ ಸಿಗುವುದಾದರೆ ಅದು ಯಾವ ಸಾಲಿನಲ್ಲಾದರೇನು?

ಈ ವ್ಯಾಧಿಗೆ ಮದ್ದು ಹೇಳುವವರಿಗೆ ಈಚೆಗೆ ಕೊರತೆಯಿಲ್ಲ. ಕನಕಪುರ ರಸ್ತೆಯಂತೂ ಶಾಂತಿಯ ಪೇಟೆಯೇ ಆಗಿಹೋಗಿದೆ: ಉದಯಪುರದ ಬಳಿ ಆರ್ಟ್ ಆಫ್ ಲಿವಿಂಗ್‌ನವರ ಆಶ್ರಮ, ಇನ್ನೂ ಮುಂದಕ್ಕೆ ಬಂದರೆ ಕೆಬ್ಬೆದೊಡ್ಡಿಯ ಪಿರಮಿಡ್ಡು, ಈ ಎರಡನ್ನೂ ದಾಟಿ ಸಾತನೂರಿಗೆ ಬರುವ ಬಸ್ಸಿನಲ್ಲಿ ಮಾತ್ರ ಸೀಟಿಗಾಗಿ ಜಗಳ. ನನಗೆ ಕೋಪ ತರಿಸುವವರು ಆ ಸ್ಥಳಗಳವರಲ್ಲ, ಅಲ್ಲಿಗೆ ಒಂದು ವಾರ ಹೋಗಿಬಂದು, ಬಿಳಿಯ ಪಂಚೆಯುಟ್ಟು, ನನ್ನ ಮುಖವನ್ನು ಕನಿಕರದಿಂದ ನೋಡಿ, 'ಮೊದಲು ನಿಮ್ಮನ್ನು ನೀವು ಪ್ರೀತಿಸಿ ಸ್ವಾಮಿ' ಎಂದು ಅಪ್ಪಣೆ ಕೊಡಿಸುವ ನಿವೃತ್ತ ಮಹನೀಯರು. ಐವತ್ತು ವರ್ಷ ಒಬ್ಬನೊಡನೆ ಸಂಸಾರ ಮಾಡಿ ಅವನ ಗುಣಗಳನ್ನೆಲ್ಲ ಬಲ್ಲವನಿಗೆ, ಏಕಾಏಕಿ ಅವನನ್ನು ಪ್ರೀತಿಸೆಂದರೆ ಹೇಗೆ?

ಆದರೂ ನಾನು ಪ್ರಯತ್ನಪಡದೆ ಇರಲಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನ್ ನೆಫ್ ಎಂಬವರು 2003ರಲ್ಲಿ ಪ್ರಕಟಿಸಿದ, ತನ್ನ ಮೇಲೆ ತನಗೆ ಎಷ್ಟು ಕರುಣೆಯಿದೆಯೆಂದು ಅಳೆಯುವ 26 ವಾಕ್ಯಗಳ ಪಟ್ಟಿಯೊಂದನ್ನು ಮಗಳು ತೋರಿಸಿದಳು. ಪ್ರಾಮಾಣಿಕವಾಗಿ ಭರ್ತಿ ಮಾಡಿದೆನು. ಅಂಕ ಬಹಳ ಕಡಮೆ ಬಂದಿತು. ಇಷ್ಟು ಕಡಮೆ ಅಂಕ ತೆಗೆದುಕೊಂಡದ್ದಕ್ಕಾಗಿ ಆ ರಾತ್ರಿಯೆಲ್ಲ ನನ್ನನ್ನು ಬಯ್ದುಕೊಂಡೆನು. ಅನಂತರ ಬುದ್ಧಘೋಷಾಚಾರ್ಯರನ್ನು ಆಶ್ರಯಿಸಿದೆನು. ಐದನೆಯ ಶತಮಾನದಲ್ಲಿ ಸಿಂಹಳದಲ್ಲಿ ಕುಳಿತು 'ವಿಶುದ್ಧಿಮಾರ್ಗ'ವನ್ನು ಬರೆದ ಆ ಮಹಾನುಭಾವರು, ಮೈತ್ರೀಭಾವನೆಯನ್ನು ಅಭ್ಯಾಸ ಮಾಡುವವನು ಮೊದಲು ತನಗೆ ತಾನೇ ಸುಖವನ್ನು ಹಾರೈಸಿಕೊಂಡು, ಬಳಿಕ ಗುರುವಿಗೆ, ಇಷ್ಟನಿಗೆ, ಉದಾಸೀನನಿಗೆ, ಕಟ್ಟಕಡೆಗೆ ವೈರಿಗೆ ಹಾರೈಸಬೇಕೆಂದು ವಿಧಿಸಿದ್ದಾರೆ. ತನ್ನ ಸುಖ ಯಾರಿಗೆ ತಾನೇ ಬೇಡ, ಅದನ್ನೇ ಮಾದರಿಯಾಗಿಟ್ಟುಕೊಂಡು ಪರರ ಸುಖವನ್ನು ಬಯಸಲಿ ಎಂಬುದು ಅವರ ಯುಕ್ತಿ. ಎಲ್ಲರಿಗಿಂತ ಸುಲಭವಾದವನೆಂದೇ ಅವರು ಸ್ವಂತವನ್ನು ಮೊದಲಿಗೆ ಇಟ್ಟದ್ದು. ಪಾಪ, ಅವರು ನನ್ನನ್ನು ಕಂಡವರಲ್ಲ. 'ನಾನು ಸುಖಿಯಾಗಿರಲಿ' ಎಂದು ಮೆಲ್ಲಗೆ ಅಂದುಕೊಂಡೆನೋ ಇಲ್ಲವೋ, ಯಾರಾದರೂ ಕೇಳಿಸಿಕೊಂಡರೇ ಎಂದು ಕಿಟಕಿಯ ಕಡೆ ನೋಡಿದೆನು. ವೈರಿಗಳಿಗೆ ಹಾರೈಸುವುದು ಇದಕ್ಕಿಂತ ಎಷ್ಟೋ ಸಲೀಸಾಗಿತ್ತು.

ಪೇಟೆಯ ಗದ್ದಲದಲ್ಲಿ ಇದು ಕೈಗೂಡದೆಂದು ನಿಶ್ಚಯಿಸಿ ಸಾತನೂರಿನ ಪಕ್ಕದ ನಮ್ಮ ಹಳ್ಳಿಗೆ, ತಮ್ಮನ ಮನೆಗೆ ಬಂದೆನು. ಹಳ್ಳಿಯಲ್ಲಿ ಮೌನವಿರುವುದೆಂಬುದು ಹಳ್ಳಿಯನ್ನು ಬಿಟ್ಟವರ ಕಲ್ಪನೆ. ಜಗಲಿಯಲ್ಲಿ ಕುಳಿತರೆ ಕೋಳಿ. ಹಿತ್ತಿಲಲ್ಲಿ ಕುಳಿತರೆ ಪಂಪ್‌ಸೆಟ್ಟು. ಮಂಗಳವಾರ, ಶುಕ್ರವಾರ ಬಂತೆಂದರೆ ಕಬ್ಬಾಳಮ್ಮನ ದರ್ಶನಕ್ಕೆ ಹೋಗುವವರ ಟೆಂಪೋ, ಟ್ರ್ಯಾಕ್ಟರುಗಳ ಮೆರವಣಿಗೆ. ಮನೆಯಲ್ಲಿ ನಿಜವಾಗಿ ನಿಶ್ಶಬ್ದವಾಗಿದ್ದ ಸ್ಥಳ ಒಂದೇ, ಹುಳುಮನೆ. ಅಲ್ಲಿಗೆ ಪ್ರವೇಶಿಸಲು ಗರ್ಭಗುಡಿಗಿಂತ ಕಟ್ಟುನಿಟ್ಟಾದ ಮಡಿ. ಚಪ್ಪಲಿಯನ್ನು ಹೊರಗೆ ಬಿಡಬೇಕು, ಕೈಕಾಲು ತೊಳೆಯಬೇಕು, ಊದುಬತ್ತಿ ಹೊತ್ತಿಸಕೂಡದು, ಮುಖಕ್ಕೆ ಪೌಡರ್ ಬಳಿದಿರಕೂಡದು. ಹೊಗೆಸೊಪ್ಪಿನ ಗಾಳಿ ರೇಷ್ಮೆಹುಳುವಿಗೆ ವಿಷವಾದುದರಿಂದ ನನ್ನ ಪ್ರಿಯವಾದ ನಶ್ಯದ ಡಬ್ಬಿಯನ್ನು ತಮ್ಮನ ಹೆಂಡತಿಯ ವಶಕ್ಕೆ ಒಪ್ಪಿಸಬೇಕಾಯಿತು. ಅವಳು ಅದನ್ನು ಎರಡು ಬೆರಳಿನಲ್ಲಿ ಹಿಡಿದುಕೊಂಡು ಹೋದ ರೀತಿಯನ್ನು ನೋಡಿ, ಯೋಗದ ಯಮನಿಯಮಗಳಲ್ಲಿ ಅರ್ಧವನ್ನು ಪೂರೈಸಿದೆನೆಂದೇ ನನಗನ್ನಿಸಿತು.

ಮಂದವಾದ ಬೆಳಕು, ತಂಪಾದ ನೆಲ, ಗೋಡೆಯುದ್ದಕ್ಕೂ ಒಂದರ ಮೇಲೊಂದು ಬಿದಿರು ತಟ್ಟೆಗಳ ಸಾಲು. ಪದ್ಮಾಸನ ನನ್ನ ಮಂಡಿಗಳಿಗೆ ಒಗ್ಗದುದರಿಂದ ಗೋಣಿಚೀಲದ ಮೇಲೆ ಸುಖಾಸನದಲ್ಲಿ, ಅಂದರೆ ಹೆಸರಿಗೆ ಮಾತ್ರ ಸುಖವಾದ ಆಸನದಲ್ಲಿ, ಕುಳಿತು ಉಸಿರನ್ನು ಗಮನಿಸತೊಡಗಿದೆನು. ಒಳಗೆ ಹೋಯಿತು, ಹೊರಗೆ ಬಂದಿತು. ಮತ್ತೆ ಒಳಗೆ ಹೋಯಿತು. ಅಷ್ಟರಲ್ಲಿ ಸಾವಿನ ಮನೆಯ ಅಂಗಳದಲ್ಲಿ ಜನ ತಲೆಯೆತ್ತಿದರು. ಕಣ್ಣು ತೆರೆದೆನು. ಎದುರಿಗೆ, ನನ್ನ ಮುಖದ ಮಟ್ಟದಲ್ಲಿಯೇ ಇದ್ದ ತಟ್ಟೆಯಲ್ಲಿ, ನೂರಾರು ಹುಳುಗಳು, ಒಂದೂ ಅಲುಗದೆ, ಒಂದೂ ಸೊಪ್ಪು ಮುಟ್ಟದೆ, ಎಲ್ಲವೂ ಮೈಯ ಮುಂಭಾಗವನ್ನು ಮೇಲೆತ್ತಿ, ತಲೆಯನ್ನು ನೆಟ್ಟಗೆ ನಿಲ್ಲಿಸಿ, ಆಕಾಶವನ್ನು ಕುರಿತು ಧ್ಯಾನಾಸಕ್ತವಾಗಿದ್ದವು. ಬಾಗಿ ನೋಡಿದೆನು. ಹಿಂಗಾಲುಗಳನ್ನು ತಾವೇ ಉಗುಳಿದ ಸಣ್ಣ ಎಳೆಯಿಂದ ಒಣಗಿದ ಎಲೆಗೆ ಬಿಗಿದುಕೊಂಡು, ಆಸನದಿಂದ ಜಾರದಂತೆ ವ್ಯವಸ್ಥೆಯನ್ನೂ ಮಾಡಿಕೊಂಡಿದ್ದವು. ಇಂಥ ಬುದ್ಧಿ ನನಗೆ ಹೊಳೆದಿರಲಿಲ್ಲ. ನಾನು ಆ ವೇಳೆಗಾಗಲೇ ಎಡಕ್ಕೆ ವಾಲಿದ್ದೆನು.

ಆಗ ನನ್ನೊಳಗಿನ ನ್ಯಾಯಸ್ಥಾನ ಹಾಡಹಗಲಿನಲ್ಲಿಯೇ, ತುರ್ತು ಅಧಿವೇಶನದಂತೆ, ಸೇರಿತೆಂಬುದನ್ನು ನಾಚಿಕೆಯಿಂದಲೂ ಕೊಂಚ ಹೆಮ್ಮೆಯಿಂದಲೂ ತಿಳಿಸುತ್ತೇನೆ. 'ನೋಡು, ವೇದವಿಲ್ಲ, ಶಾಸ್ತ್ರವಿಲ್ಲ, ಬುದ್ಧಘೋಷನ ಹೆಸರನ್ನು ಕೇಳಿಲ್ಲ. ಹುಟ್ಟಿ ಮೂರು ವಾರವಾಗಿಲ್ಲ. ಅಂಥ ಹುಳುವಿಗೆ ದಕ್ಕಿದ ಸ್ಥೈರ್ಯ ನಿನಗೆ ದಕ್ಕಲಿಲ್ಲ' ಎಂದು ಫಿರ್ಯಾದಿ ಗುಡುಗಿದನು. ಆರೋಪಿಯು ಹುಳುಗಳ ಮುಂದೆ ಸೋಲಬಾರದೆಂಬ ಛಲದಿಂದ ಬೆನ್ನು ನೆಟ್ಟಗೆ ಮಾಡಿ, ಕತ್ತನ್ನು ಅವುಗಳಂತೆಯೇ ಮೇಲೆತ್ತಿ, ಉಸಿರನ್ನು ಬಿಗಿಹಿಡಿದು, ಮೊದಲು ಅಲುಗುವವರು ಯಾರೆಂದು ನೋಡಿಯೇಬಿಡೋಣವೆಂದು ಪಣತೊಟ್ಟು ಕುಳಿತನು. ಕತ್ತು ನೋಯತೊಡಗಿತು. ಮೂಗಿನ ತುದಿಯಲ್ಲಿ ತುರಿಕೆ ಹುಟ್ಟಿತು. ತಟ್ಟೆಯ ಅಂಚಿನಲ್ಲಿದ್ದ, ಉಳಿದವಕ್ಕಿಂತ ದಪ್ಪನಾದ ಒಂದು ಹುಳುವನ್ನು ನನ್ನ ಎದುರಾಳಿಯೆಂದು ಆರಿಸಿಕೊಂಡು ದಿಟ್ಟಿಸಿದೆನು. ಅದು ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಹೆಬ್ಬೆರಳು ಜೋಮು ಹಿಡಿಯಿತು, ಕಣ್ಣಲ್ಲಿ ನೀರು ತುಂಬಿತು, ಆ ನೀರು ಆನಂದಬಾಷ್ಪವಾಗಿರಬಹುದೆಂದು ಒಂದು ಕ್ಷಣ ಆಸೆ ಹುಟ್ಟಿ, ನಶ್ಯವಿಲ್ಲದ ಮೂಗಿನ ಸಂಕಟವೆಂದು ಮರುಕ್ಷಣ ಖಚಿತವಾಗಿ, ಇನ್ನೇನು ಸೀನಬೇಕು ಎನ್ನುವಷ್ಟರಲ್ಲಿ, ಸುಣ್ಣದ ಪುಡಿಯ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ತಮ್ಮನ ಹೆಂಡತಿ ಒಳಗೆ ಬಂದಳು.

"ಯಾಕ್ ಬಾವ, ಮಕ ಹಿಂಗ್ ಮಾಡ್ಕೊಂಡಿದ್ದೀರಿ? ಹೊಟ್ಟೆನೋವಾ?"

"ಇಲ್ಲಮ್ಮ. ಈ ಹುಳುಗಳ ಏಕಾಗ್ರತೆಯನ್ನು ನೋಡುತ್ತಿದ್ದೆ."

"ಏಕಾಗ್ರತೆ ಎಲ್ ಬಂತು ಬಾವ! ನಾಕ್ನೇ ಜ್ವರಕ್ಕೆ ಕೂತವೆ. ಹಳೇ ಚರ್ಮ ಬಿಚ್ಕೊಂಡು ಈಚೆಗೆ ಬರೋ ಅಷ್ಟೊತ್ತಿಗೆ ಜೀವ ಹೋಗಿ ಬತ್ತದೆ ಅವಕ್ಕೆ. ಈಗ ಸೊಪ್ಪೂ ಹಾಕಂಗಿಲ್ಲ, ತಟ್ಟೆ ಅಳ್ಳಾಡ್ಸಂಗೂ ಇಲ್ಲ. ಸುಮ್ಕೆ ಅವುಗಳ ಪಾಡಿಗೆ ಬುಟ್‌ಬುಡ್ಬೇಕು."

"ಎಲ್ಲವೂ ಒಟ್ಟಿಗೇ ಏಳುತ್ತವೆಯೇ?"

"ಎಲ್ ಎದ್ದಾವು? ವಸಿ ಬೆಳಿಗ್ಗೆ ಏಳ್ತವೆ, ವಸಿ ಸಂಜೆಗೆ. ಹಿಂದೆ ಬಿದ್ದವು ಏಳೋಗಂಟ ಮುಂದೆ ಎದ್ದವೂ ಹಸ್ಕೊಂಡು ಕಾಯ್ಬೇಕು."

"ಹಿಂದೆ ಬಿದ್ದವನ್ನು ಏನು ಮಾಡುತ್ತೀ?"

ಅವಳು ಸುಣ್ಣ ಎರಚುತ್ತಿದ್ದ ಕೈಯನ್ನು ನಿಲ್ಲಿಸಿ, ನನ್ನ ವಿದ್ಯಾಭ್ಯಾಸದ ಬಗ್ಗೆಯೇ ಅನುಮಾನಗೊಂಡವಳಂತೆ ನೋಡಿದಳು. "ಏನ್ ಮಾಡ್ಲಿ ಬಾವ? ಬಯ್ಯಕ್ಕಾಯ್ತದಾ?"

ನಾನು ಸೀನಿದೆನು. ಹೊರಗೆ ಹೋಗೆಂದಳು.

ಹೊರಗೆ ಬಂದು ಜಗಲಿಯಲ್ಲಿ ಕುಳಿತರೆ, ದೂರದಲ್ಲಿ ಕಬ್ಬಾಳದುರ್ಗದ ಬೋಳುಬಂಡೆ. ಹೈದರನ, ಟಿಪ್ಪುವಿನ ಕಾಲದಲ್ಲಿ ಸೆರೆಯಾಳುಗಳನ್ನು ಒಯ್ದಿಡುತ್ತಿದ್ದ ದುರ್ಗ ಅದು. ಅಲ್ಲಿಗೆ ಹೋದವನಿಗೆ ಕಾವಲುಗಾರನು ಬೇರೆಯವನಾದರೂ ಆಗಿದ್ದನು. ತಮ್ಮನು ಸೊಪ್ಪಿನ ಹೊರೆಯನ್ನಿಳಿಸಿ ಪಕ್ಕದಲ್ಲಿ ಕುಳಿತನು. ಅವನ ಮುಖವನ್ನು ನೋಡುತ್ತ ನನಗೆ 2011 ನೆನಪಾಯಿತು. ಆ ವರ್ಷದ ಬಜೆಟ್ಟಿನಲ್ಲಿ ದೆಹಲಿಯವರು ಹೊರದೇಶದ ಕಚ್ಚಾ ರೇಷ್ಮೆಯ ಮೇಲಿನ ಆಮದು ಸುಂಕವನ್ನು ನೂರಕ್ಕೆ 30ರಿಂದ 5ಕ್ಕೆ ಇಳಿಸಿದರು. ಗೂಡಿನ ಬೆಲೆ ಬಿದ್ದುಹೋಯಿತು. ರಾಮನಗರದ ಮಾರುಕಟ್ಟೆಯಿಂದ ರಾತ್ರಿ ಹಿಂದಿರುಗಿ ಬಂದ ತಮ್ಮನು, ಊಟಕ್ಕೂ ಏಳದೆ, 'ನನ್ನ ಕೈಗುಣವೇ ಸರಿಯಿಲ್ಲ ಅಣ್ಣ' ಎಂದಿದ್ದನು. ಸೊಪ್ಪು ಚೆನ್ನಾಗಿತ್ತು, ಹುಳು ಚೆನ್ನಾಗಿತ್ತು, ಗೂಡು ಗಟ್ಟಿಯಾಗಿತ್ತು, ಆದರೂ ಕೈಗುಣ! ಬೆಲೆಯನ್ನು ಬೀಳಿಸಿದವರಲ್ಲಿ ಒಬ್ಬನಾದರೂ ಆ ರಾತ್ರಿ ತನ್ನನ್ನು ಬಯ್ದುಕೊಂಡು ಎಚ್ಚರವಾಗಿದ್ದನೆಂದು ನಾನು ನಂಬಲಾರೆ. ನನ್ನ ಆತ್ಮನಿಂದೆ ಒಂದು ಹವ್ಯಾಸ; ಹೊಟ್ಟೆ ತುಂಬಿದವನು ರಾತ್ರಿ ಆಡುವ ಆಟ. ಅವನದು ಇನ್ನೊಬ್ಬರು ಹೊರಬೇಕಾದ ಹೊರೆ, ಹೇಳದೆ ಕೇಳದೆ ಅವನ ತಲೆಯ ಮೇಲೆ ಬಂದು ಕೂತದ್ದು. ಎರಡನ್ನೂ ಒಂದೇ ಹೆಸರಿನಿಂದ ಕರೆದು ಒಂದೇ ಮದ್ದು ಬರೆದುಕೊಡುವ ಬಿಳಿಪಂಚೆಯ ಮಹನೀಯರನ್ನು ಆ ಕ್ಷಣದಲ್ಲಿ ಕಂಡಿದ್ದರೆ, ಮೈತ್ರೀಭಾವನೆಯನ್ನು ಬದಿಗಿಟ್ಟು ಎರಡು ಮಾತು ಆಡಿಬಿಡುತ್ತಿದ್ದೆನು.

ತಮ್ಮನಿಗೆ ಇದನ್ನೆಲ್ಲ ಹೇಳಿದೆನು. ಅವನು ಬೀಡಿ ಹೊತ್ತಿಸಲು ಹೋಗಿ, ಹುಳುಮನೆಯ ಬಾಗಿಲು ತೆರೆದಿರುವುದನ್ನು ಕಂಡು, ಕಿವಿಯ ಮೇಲೆ ಸಿಕ್ಕಿಸಿಕೊಂಡು, "ಆಗ ಹಂಗನ್ನಿಸ್ತು ಕಣಣ್ಣ. ಮುಂದಿನ್ ಬೆಳೆ ಬಂದ್ ಮ್ಯಾಲೆ ಮರ್ತೋಯ್ತು" ಎಂದನು. ಮರೆವಿನ ಈ ಸೌಭಾಗ್ಯ ನಮ್ಮ ವಂಶದಲ್ಲಿ ಕಿರಿಯನ ಪಾಲಿಗೇ ಹೋಗಿದೆ.

ಧ್ಯಾನವನ್ನು ನಾನು ಬಿಡಲಿಲ್ಲ. ನಾಲ್ಕನೆಯ ಜ್ವರದಿಂದ ಎದ್ದ ಹುಳುಗಳು ತಮ್ಮ ಜೀವಮಾನದ ಒಟ್ಟು ಸೊಪ್ಪಿನಲ್ಲಿ ನೂರಕ್ಕೆ 80ಕ್ಕೂ ಮೇಲ್ಪಟ್ಟು ಭಾಗವನ್ನು ಆ ಕಡೆಯ ಒಂದು ವಾರದಲ್ಲಿಯೇ ತಿಂದು ಮುಗಿಸುವುದರಿಂದ, ಹುಳುಮನೆಯ ಮೌನ ಹೋಗಿ ಸೋನೆಮಳೆ ಹಿಡಿದ ಸದ್ದು ತುಂಬಿಕೊಂಡಿತು. ಆ ಸದ್ದಿನ ನಡುವೆ ಗೋಣಿಚೀಲದ ಮೇಲೆ ಕುಳಿತು, ಸಾವಿನ ಮನೆಯ ಅಂಗಳ ಕಣ್ಮುಂದೆ ಬಂದಾಗ ಅದನ್ನು ಓಡಿಸಲು ಹೋಗದೆ, ಸಮರ್ಥಿಸಿಕೊಳ್ಳಲೂ ಹೋಗದೆ, ತಟ್ಟೆಯನ್ನು ಅಲುಗಿಸದವನಂತೆ ಇದ್ದುಬಿಟ್ಟೆನು. ಬಂದವರು ತಲೆಯೆತ್ತಿ ನೋಡಿದರು; ನೋಡಲಿ. ಯಜಮಾನರು 'ಆಗಾಗ ಬರುತ್ತಿರಿ' ಎಂದರು. ಆ ಮಾತಿಗೆ ನನಗೆ ನಗು ಬಂದದ್ದು ಅದೇ ಮೊದಲು. ಆ ಪುಣ್ಯಾತ್ಮರೂ ಮನೆಯೊಳಗೆ ಹೋಗಿ, ಹೀಗೇಕೆ ಅಂದೆನೋ ಎಂದು ರಾತ್ರಿಯೆಲ್ಲ ಹೊರಳಾಡಿದ್ದಿರಬಹುದೆಂಬ ಯೋಚನೆ ಇಷ್ಟು ವರ್ಷ ನನ್ನ ತಲೆಗೆ ಬಂದಿರಲೇ ಇಲ್ಲ. ಎಲ್ಲ ತಪ್ಪಿನ ಗುತ್ತಿಗೆಯನ್ನೂ ನಾನೊಬ್ಬನೇ ಹಿಡಿದಿದ್ದೆನಲ್ಲವೇ!

ಹುಳು ಹಣ್ಣಾದ ದಿನ ಮನೆಯಲ್ಲಿ ಯಾರಿಗೂ ಉಸಿರಾಡಲು ಬಿಡುವಿರಲಿಲ್ಲ. ಮೈ ಹಳದಿ ತಿರುಗಿ, ಬೆಳಕಿಗೆ ಹಿಡಿದರೆ ಆಚೆಯದು ಕಾಣುವಷ್ಟು ತಿಳಿಯಾದ ಹುಳುಗಳನ್ನು ಒಂದೊಂದಾಗಿ ಆರಿಸಿ ಚಂದ್ರಿಕೆಗೆ ಬಿಡಬೇಕು; ಹಸಿಯದನ್ನು ಬಿಟ್ಟರೆ ಗೂಡು ಕಟ್ಟದು, ಹಣ್ಣಾದದ್ದನ್ನು ತಡಮಾಡಿದರೆ ತಟ್ಟೆಯಲ್ಲಿಯೇ ನೂಲು ಉಗುಳಿ ಹಾಳುಮಾಡುವುದು. ನನ್ನನ್ನೂ ಒಂದು ತಟ್ಟೆಯ ಮುಂದೆ ಕೂರಿಸಿದರು. ಪ್ರತಿಯೊಂದು ಹುಳುವನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕವನ್ನು ಹಣೆಗೇರಿಸಿ, ಮತ್ತೆ ಇಳಿಸಿ, ಹಣ್ಣೋ ಕಾಯೋ ಎಂದು ವಿಚಾರಣೆ ನಡೆಸಿ ನಾನು ಒಂದನ್ನು ತೀರ್ಮಾನಿಸುವುದರೊಳಗೆ, ತಮ್ಮನ ಹೆಂಡತಿ ಒಂದು ಹಿಡಿಯನ್ನು ಮುಗಿಸುತ್ತಿದ್ದಳು. ಆಕೆಯ ಎರಡು ಚಂದ್ರಿಕೆ ತುಂಬಿ ಹೊರಗೆ ಹೋದವು. ನನ್ನದರ ಒಂದು ಮೂಲೆಯೂ ತುಂಬಿರಲಿಲ್ಲ. ಹಳೆಯ ಅಭ್ಯಾಸ ಬಿಡದೆ ಕೇಳಿಯೇಬಿಟ್ಟೆನು:

"ನಾನು ತುಂಬಾ ನಿಧಾನ, ಅಲ್ಲವೇನಮ್ಮ?"

"ಹೂಂ ಬಾವ, ಬಲು ನಿಧಾನ" ಎಂದಳು, ಕೈಯನ್ನು ನಿಲ್ಲಿಸದೆಯೇ. "ಅದ್ ಮುಗುದ್ ಮ್ಯಾಲೆ ಈ ತಟ್ಟೇನೂ ತಕ್ಕೊಳ್ಳಿ."