ಒಳಗೆ ಓಡ್ತಿದೆ, ಹೊರಗೆ ಸಿಗ್ತಿಲ್ಲ

ಅಲ್ಲಮ್ಮಾ, ಡಾಕರ್ ಕಿತ್ತುಹಾಕಿ ಮೊದಲಿಂದ ಇನ್‌ಸ್ಟಾಲ್ ಮಾಡ್ತೀನಿ ಅಂತ ಹೊರಡಬೇಡ, ಒಂದ್ನಿಮಿಷ ತಡಿ. ಕಂಟೇನರ್ ಓಡ್ತಿದೆ, ಬ್ರೌಸರಲ್ಲಿ ಮಾತ್ರ ಪುಟ ಬರ್ತಿಲ್ಲ, ಅಷ್ಟೇ ತಾನೆ? 2013ರಲ್ಲಿ ಡಾಕರ್ ಬಂದಾಗಿಂದ ಹೊಸಬರಿಗೆಲ್ಲ ಇದೇ ಗೋಳು. ಮೊದಲು ಹೇಳು, ಎರರ್ ಏನಂತ ಬರ್ತಿದೆ? ಅದನ್ನ ಯಾರೂ ನೆಟ್ಟಗೆ ಓದೋದೇ ಇಲ್ಲ, ನನಗೆ ಅದೇ ಸಂಕಟ. ಅರ್ಧ ಉತ್ತರ ಅದರಲ್ಲೇ ಇರತ್ತೆ.

‘ಕನೆಕ್ಷನ್ ರೆಫ್ಯೂಸ್ಡ್’ ಅಂದ್ರೆ ನಿನ್ನ ಲ್ಯಾಪ್‌ಟಾಪಿನ ಆ ಪೋರ್ಟಲ್ಲಿ ಕೇಳೋರೇ ಇಲ್ಲ ಅಂತ. ಹೆಚ್ಚಾಗಿ ರನ್ ಮಾಡುವಾಗ ಪೋರ್ಟ್ ಕೊಟ್ಟಿರಲ್ಲ. ಸುತ್ತಿ ಸುತ್ತಿ ಟೈಮ್‌ಔಟ್ ಆದ್ರೆ ಮಧ್ಯೆ ಯಾವುದೋ ಫೈರ್‌ವಾಲ್ ಇದೆ ಅಂತ ಅನುಮಾನಪಡು. ಏನಂದೆ, ಕರ್ಲ್ ಹಾಕಿದ್ರೆ ‘ಕನೆಕ್ಷನ್ ರೀಸೆಟ್’ ಅಂತಿದ್ಯಾ? ಹಾಗಾದ್ರೆ ಡಾಕರ್ ತನ್ನ ಪಾಲಿನ ಕೆಲಸ ಮಾಡಿದೆ. ಒಳಗಿರೋ ಸರ್ವರ್ ಆ ವಿಳಾಸದಲ್ಲಿ ಕೇಳಿಸಿಕೊಳ್ತಿಲ್ಲ.

ನಿಂದು ಫ್ಲಾಸ್ಕ್ ಅಲ್ವಾ? ಲಾಗ್ ತೆಗೆದು ನೋಡು. ‘ರನ್ನಿಂಗ್ ಆನ್’ ಅಂತ ಒಂದು ಸಾಲು ಇರತ್ತೆ, ಅದರ ಮುಂದೆ 127.0.0.1:5000. ಸಿಕ್ತಾ? ಅದೇ ಕಳ್ಳ. ಬೇರೆ ಹೇಳದಿದ್ರೆ ಫ್ಲಾಸ್ಕ್ ಅಲ್ಲೇ ಕೂರೋದು; ಜಾಂಗೋದ ರನ್‌ಸರ್ವರೂ ಹಾಗೇ, ಪೋರ್ಟ್ ಮಾತ್ರ 8000. ವಠಾರದಲ್ಲಿ ‘ನಮ್ಮನೆ’ ಅಂದ್ರೆ ಒಬ್ಬೊಬ್ಬರಿಗೆ ಒಂದೊಂದು ಮನೆ ತಾನೆ, 127.0.0.1 ಕೂಡ ಹಾಗೆ. ಲಿನಕ್ಸ್ ಕರ್ನಲ್ ಕಂಟೇನರಿಗೆ ಬೇರೆಯದೇ ನೆಟ್‌ವರ್ಕ್ ನೇಮ್‌ಸ್ಪೇಸ್ ಕೊಟ್ಟಿರತ್ತೆ, ಅದರ ಲೂಪ್‌ಬ್ಯಾಕ್ ಅದಕ್ಕೆ ಮಾತ್ರ. ಹೊರಗಿಂದ ಬರೋ ರಿಕ್ವೆಸ್ಟ್ ಲೂಪ್‌ಬ್ಯಾಕಿಗೆ ಬರಲ್ಲ. ಕಂಟೇನರಿನ ಇನ್ನೊಂದು ಇಂಟರ್‌ಫೇಸಿಗೆ, ಸಾಮಾನ್ಯವಾಗಿ 172.17ರಿಂದ ಶುರುವಾಗೋ ವಿಳಾಸಕ್ಕೆ ಬರತ್ತೆ. ಅದಕ್ಕೇ ಹೋಸ್ಟ್ 0.0.0.0 ಅಂತ ಕೊಟ್ಟು ಎಲ್ಲ ಇಂಟರ್‌ಫೇಸಲ್ಲೂ ಕೇಳೋ ಹಾಗೆ ಮಾಡು.

ಬಂತಾ? ಬರಲೇಬೇಕು. ಮುಂದೆ ಎಲ್ಲಾದ್ರೂ ಸಿಕ್ಕಿಕೊಂಡ್ರೆ ಒಳಗಿಂದ ಹೊರಗೆ ಹುಡುಕ್ತಾ ಬಾ. ಮೊದಲು ಕಂಟೇನರ್ ಒಳಗೇ ಹೋಗಿ ಕೇಳು. ಸ್ಲಿಮ್ ಇಮೇಜಲ್ಲಿ ಕರ್ಲೂ ಇರಲ್ಲ, ಪಿಂಗೂ ಇರಲ್ಲ, ಆದ್ರೆ ಪೈಥಾನ್ ಇದೆಯಲ್ಲ, ಅದರಿಂದಲೇ ಒಂದು ರಿಕ್ವೆಸ್ಟ್ ಕಳಿಸು. ಆಮೇಲೆ ‘ಡಾಕರ್ ಪಿಎಸ್’ ಹೊಡೆದು ಪೋರ್ಟ್ಸ್ ಕಾಲಂ ನೋಡು. 0.0.0.0:8080->5000 ಅಂತಿದ್ರೆ ಸರಿ. ಬರೀ 5000 ಅಂತಿದ್ರೆ ಪಬ್ಲಿಷ್ ಆಗಿಲ್ಲ. ಡಾಕರ್‌ಫೈಲಲ್ಲಿ ‘ಎಕ್ಸ್‌ಪೋಸ್’ ಬರೆದಿದೀನಲ್ಲ ಅಂತೀಯ. ಅದು ಮಾಹಿತಿಗೆ ಅಷ್ಟೇ ಕಣಮ್ಮ, ಅದರಿಂದ ಹೊರಗಿನ ಪೋರ್ಟ್ ತೆರೆಯಲ್ಲ.

ನಾಳೆ ಪೋಸ್ಟ್‌ಗ್ರೆಸ್ ಸೇರಿಸ್ತೀಯಲ್ಲ, ಆಗ ಇದೇ ತೊಂದರೆ ತಿರುಗಿಸಿಕೊಂಡು ಬರತ್ತೆ. ಆ್ಯಪ್ ಒಳಗಿಂದ ಲೋಕಲ್‌ಹೋಸ್ಟ್ ಅಂದ್ರೆ ಆ್ಯಪಿನ ಕಂಟೇನರೇ, ಡೇಟಾಬೇಸ್ ಅಲ್ಲ. ಡಾಕರಿನ ಡೀಫಾಲ್ಟ್ ಬ್ರಿಡ್ಜಲ್ಲಿ ಕಂಟೇನರಿನ ಹೆಸರು ಹಿಡಿದು ಕರೆದ್ರೂ ಸಿಗಲ್ಲ. ನೀನೇ ಒಂದು ನೆಟ್‌ವರ್ಕ್ ಮಾಡ್ಕೋ, ಇಲ್ಲ ಕಂಪೋಸ್ ಬಳಸು, ಅದು ತಾನೇ ಮಾಡಿಕೊಡತ್ತೆ. ಆಗ ಸರ್ವಿಸಿನ ಹೆಸರು, ಪೋರ್ಟ್ 5432, ಅಷ್ಟು ಸಾಕು. ಅದನ್ನ ಪಬ್ಲಿಷ್ ಮಾಡೋದೇ ಬೇಡ.

ಇದೊಂದನ್ನ ಮಾತ್ರ ಗಟ್ಟಿಯಾಗಿ ಹೇಳ್ತೀನಿ. ಉಬುಂಟು ಸರ್ವರಲ್ಲಿ ಯುಎಫ್‌ಡಬ್ಲ್ಯೂ ಫೈರ್‌ವಾಲ್ ಹಾಕಿದೀನಿ, ಭದ್ರವಾಗಿದೆ ಅಂತ ನಂಬ್ಕೊಂಡು ಕೂರೋರು ತುಂಬ ಜನ. ಡಾಕರ್ ಪಬ್ಲಿಷ್ ಮಾಡಿದ ಪೋರ್ಟಿಗೆ ಐಪಿಟೇಬಲ್ಸಲ್ಲಿ ತಾನೇ ರೂಲ್ ಬರೆಯತ್ತೆ, ಆ ಟ್ರಾಫಿಕ್ ಯುಎಫ್‌ಡಬ್ಲ್ಯೂ ನಿಯಮಕ್ಕೆ ಸಿಗೋದೇ ಇಲ್ಲ. ನೀನು ಮುಚ್ಚಿದೀನಿ ಅಂದ್ಕೊಂಡ ಡೇಟಾಬೇಸ್ ಊರಿಗೆಲ್ಲ ತೆರೆದಿರತ್ತೆ. ನಿನ್ನ ಮೆಷೀನಿಂದ ನೋಡಲೇಬೇಕು ಅಂದ್ರೆ 127.0.0.1:5432:5432 ಅಂತ ಮುಂದೆ ವಿಳಾಸ ಸೇರಿಸಿ ಕೊಡು. ಇವತ್ತೇ ಆಫೀಸಿನ ಸರ್ವರಲ್ಲೂ ಒಂದ್ಸಲ ನೋಡಿಬಿಡಮ್ಮ.