ಕಾಲು ಚೀಲ

ದಾವಣಗೆರೆಯ ಮಂಡಿಪೇಟೆಯಲ್ಲಿ ನಿಂತು "ಕಾಲುಚೀಲ ಬೇಕಾಗಿತ್ತು" ಅಂದರೆ "ಅಕ್ಕಿನೋ, ಸಕ್ಕರೆನೋ?" ಎಂದು ಕೇಳುತ್ತಾರೆ. ತಪ್ಪು ಅವರದಲ್ಲ. ಕ್ವಿಂಟಲ್ ಚೀಲದ ಕಾಲುಭಾಗ ಅಂದರೆ 25 ಕಿಲೋ, ಅಲ್ಲಿನ ಲೆಕ್ಕವೇ ಅದು. ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ, ಎಪ್ಪತ್ತರ ಮುದುಕನೊಬ್ಬ ಛತ್ರಿ ಹಿಡಿದು ಬೆವರು ಸುರಿಸುತ್ತ ಬಂದು ಉಣ್ಣೆಯ ಕಾಲುಚೀಲಕ್ಕೆ ದಾರ ಕೇಳುತ್ತಾನೆಂದು ಯಾರು ತಾನೆ ಎಣಿಸಿಯಾರು? ನಮ್ಮದು ಹತ್ತಿಗಿರಣಿಗಳ ಊರು. ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಬಿರುದು ಬಂದದ್ದು ಹತ್ತಿಯಿಂದ. ಗಿರಣಿಗಳು ಹೋದರೂ ಬಿರುದು ಹೋಗಿಲ್ಲ. ಸೆಕೆಯಂತೂ ಎಲ್ಲಿಗೂ ಹೋಗಿಲ್ಲ.

ಕಾಲುಚೀಲ ಬೇಕಾಗಿದ್ದು ಮಗಳಿಗೆ. ಕೆನಡಾದ ಒಂಟಾರಿಯೋ ಪ್ರಾಂತ್ಯದ ಕಿಚನರ್ ಎಂಬ ಊರಲ್ಲಿ ಅವಳಿದ್ದಾಳೆ. ಜನವರಿಯಲ್ಲಿ ಒಂದು ಬೆಳಿಗ್ಗೆ ಫೋನ್ ಮಾಡಿ "ಅಪ್ಪಾ, ಹೊರಗೆ ಮೈನಸ್ 20" ಅಂದಳು. ನಾನು ಗಾಬರಿಯಾಗಿ "ನಾನೇ ಕಾಲುಚೀಲ ಹೆಣೆದು ಕಳಿಸ್ತೀನಿ" ಎಂದುಬಿಟ್ಟೆ. ಹೆಂಡತಿ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು. ತಲೆ ಎತ್ತಲಿಲ್ಲ. "ಇವರ ಪ್ಯಾಂಟಿನ ಗುಂಡಿ ಹಚ್ಚೋದು ನಾನು" ಎಂದು ಹುಣಸೆಹಣ್ಣಿಗೆ ಹೇಳಿದಳು.

ನನ್ನ ಧೈರ್ಯಕ್ಕೆ ಕಾರಣವಿತ್ತು. ಹರಿಹರದ ಯಂತ್ರಪುರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇಥ್ ತಯಾರಿಸುತ್ತಿತ್ತು. ಅಲ್ಲಿ ನಾನು ಟರ್ನರ್. ದಾವಣಗೆರೆಯಿಂದ ಹರಿಹರಕ್ಕೆ ಹೆಚ್ಚೂಕಡಿಮೆ 14 ಕಿಲೋಮೀಟರ್, ದಿನಾ ಬುತ್ತಿ ಹಿಡಿದು ಹೋಗಿಬಂದವನು. ಒಂದು ಇಂಚಿನ ಸಾವಿರದಲ್ಲಿ ಒಂದು ಭಾಗಕ್ಕೆ ನಮ್ಮಲ್ಲಿ 'ಥೌ' ಅನ್ನುತ್ತಿದ್ದರು. ಎರಡು ಥೌ ಆಚೀಚೆಯಾದರೆ ಕೆಲಸ ರಿಜೆಕ್ಟ್. ಕಬ್ಬಿಣವನ್ನೇ ಹೇಳಿದ ಅಳತೆಗೆ ಬಗ್ಗಿಸಿದವನಿಗೆ ಕುರಿಯ ಕೂದಲು ಯಾವ ಲೆಕ್ಕ?

ಮೊದಲ ಪೆಟ್ಟು ಬಿದ್ದದ್ದು ದಾರದ ಅಂಗಡಿಯಲ್ಲೇ. 'ಉಲ್ಲನ್' ಎಂದು ಬಣ್ಣಬಣ್ಣದ ಉಂಡೆಗಳನ್ನು ಸುರಿದರು. ಒಂದು ಎಳೆ ಕಿತ್ತು ಬೆಂಕಿಕಡ್ಡಿ ಗೀರಿದೆ. ನಿಜವಾದ ಉಣ್ಣೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರಬೇಕು, ಹಿಸುಕಿದರೆ ಬೂದಿಯಾಗಬೇಕು. ಇದು ಕರಗಿ ಸಾಸಿವೆಯಂಥ ಗಟ್ಟಿ ಗುಳಿಗೆಯಾಯಿತು. ಅಕ್ರಿಲಿಕ್. ಉಲ್ಲನ್ನಿನಲ್ಲಿ ಉಣ್ಣೆಯೇ ಇಲ್ಲವಲ್ಲ ಎಂದೆ. "ಮೈಸೂರು ಬೋಂಡದಾಗೆ ಮೈಸೂರು ಇರುತ್ತೇನ್ರೀ ಯಜಮಾನ್ರೆ? ಮೊದ್ಲು ಕಡ್ಡಿ ಆರಿಸ್ರಿ, ಅಂಗಡಿ ಹೊತ್ಕೊಂಡೀತು" ಎಂದರು.

ಉಣ್ಣೆ ಬೇಕಾದರೆ ಕುರಿ ಇರುವಲ್ಲಿಗೇ ಹೋಗಬೇಕು ಎಂದು ಹೊಳೆ ದಾಟಿದೆ. ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿ ಕಂಬಳಿಗೆ ಹೆಸರಾದ ಊರು. ದಕ್ಕನಿ ಕುರಿಯ ಕಪ್ಪು ಉಣ್ಣೆ, ಕೈಯಲ್ಲೇ ನೂತದ್ದು, ಒಂದು ಉಂಡೆ ತಂದೆ. ಕಂಬಳಿಯ ನೂಲಿಗೆ ಹುಣಸೆಬೀಜದ ಗಂಜಿ ಕುಡಿಸಿ ಬಿಗಿ ಮಾಡುತ್ತಾರೆ. ನಾನು ತಂದ ನೂಲು ಗಂಜಿ ಕುಡಿಯದೆಯೇ ಸೆಟೆದುಕೊಂಡಿತ್ತು. ಹದಿನೈದು ದಿನ ಹೆಣಗಿ ಒಂದು ಕಾಲುಚೀಲ ಮುಗಿಸಿ ಮೇಜಿನ ಮೇಲಿಟ್ಟೆ. ಅದು ನಿಂತಿತು. ಕಾಲಿಲ್ಲದೆ, ತನ್ನಷ್ಟಕ್ಕೆ, ಗಮ್‌ಬೂಟಿನ ಹಾಗೆ. ಹಾಕಿಕೊಂಡು ನೋಡಿದೆ, ಹತ್ತು ನಿಮಿಷದಲ್ಲಿ ಕಾಲಿಗೆ ನಸುಗುನ್ನಿ ಸವರಿದಂತಾಯಿತು. ಆಗ ಹೊಳೆಯಿತು: ನಮ್ಮ ಕುರಿಗಾರರು ಹೆಗಲಿಗೆ ಕಂಬಳಿ ಹೊದ್ದು, ಮಳೆ ಬಂದರೆ ಅದನ್ನೇ ಕೊಪ್ಪೆ ಮಾಡಿ ತಲೆಗೆ ಹಾಕುತ್ತಾರೆಯೇ ಹೊರತು ಕಾಲಿಗೆ ಯಾವತ್ತೂ ಸುತ್ತಿದವರಲ್ಲ. ಕಾಲಿಗೆ ಅವರಿಗೆ ದಪ್ಪ ಚರ್ಮದ ಮೆಟ್ಟು ಸಾಕು. ತಲೆಮಾರುಗಳಿಂದ ಕುರಿ ಕಾಯ್ದವರಿಗೆ ಗೊತ್ತಿದ್ದುದನ್ನು ನನ್ನ ಕಾಲು ಹತ್ತು ನಿಮಿಷದಲ್ಲಿ ಕಲಿಯಿತು.

ಕೊನೆಗೆ ಬೆಂಗಳೂರಿನಿಂದ ಮೆರಿನೋ ಉಣ್ಣೆ ತರಿಸಿದ್ದಾಯಿತು. ಜೊತೆಗೆ ಎರಡೂ ತುದಿ ಚೂಪಾದ ಎರಡೂವರೆ ಮಿಲಿಮೀಟರಿನ ಐದು ಕಡ್ಡಿ. 100 ಗ್ರಾಂ ದಾರಕ್ಕೆ ಒಂದು ಜೊತೆ ಕಾಲುಚೀಲ. 64 ಕುಣಿಕೆಗಳನ್ನು ನಾಲ್ಕು ಕಡ್ಡಿಗೆ ಹದಿನಾರರಂತೆ ಹಂಚಿ, ಐದನೆಯದರಿಂದ ಸುತ್ತ ಹೆಣೆಯುತ್ತ ಹೋಗಬೇಕು. ಕಲಿಸಿದವಳು ಹೆಂಡತಿಯೇ. ಶಾಲೆಯಲ್ಲಿ ಕಲಿತ ಸ್ವೆಟರ್ ವಿದ್ಯೆ ಅವಳದು. ಸೀದಾ ಹಾಕಿದರೆ ನುಣುಪು, ಉಲ್ಟಾ ಹಾಕಿದರೆ ಗಂಟು. ಉಬ್ಬುತಗ್ಗಿನ ವಿನ್ಯಾಸಗಳೆಲ್ಲ ಇವೆರಡರ ಆಟ. ಲೇಥ್ ಹಿಡಿಕೆ ಜಾರದಿರಲೆಂದು ಅದರ ಮೇಲೆ ವಜ್ರಾಕಾರದ ಗೀರು ಮೂಡಿಸುತ್ತಿದ್ದೆವು, ಅದಕ್ಕೆ ನರ್ಲಿಂಗ್ ಎನ್ನುತ್ತಾರೆ. ನಾನು ಅದನ್ನೇ ಕಾಲುಚೀಲಕ್ಕಿಳಿಸಿದೆ. ಎಂಟು ಕುಣಿಕೆಗೊಂದು ವಜ್ರ, 64ಕ್ಕೆ ಎಂಟು ವಜ್ರ, ಶೇಷ ಸೊನ್ನೆ. ನಾನು ಉಬ್ಬಿಹೋದೆ. ಹೆಂಡತಿ ಕನ್ನಡಕ ಏರಿಸಿ ನೋಡಿ "ಕ್ಯಾಪ್ಸಿಕಂ ಕೊಚ್ಚಿದಂಗೈತಿ" ಎಂದಳು.

ಆದರೆ ಅಳತೆ! ವರ್ನಿಯರ್ ಹಿಡಿದು ಬೆಳಿಗ್ಗೆ ಅಳೆದರೆ 92 ಮಿಲಿಮೀಟರ್. ಕಾಫಿ ಕುಡಿದು ಬಂದು ಅಳೆದರೆ 97. ಇನ್ನೊಮ್ಮೆ ಅಳೆದರೆ 89. ಅಳೆದೂ ಸುರಿದೂ ರಾತ್ರಿಯಾಗುತ್ತಿತ್ತು. ಕಾಲಿನ ಸುತ್ತಳತೆಗಿಂತ ಕಾಲುಚೀಲ ಶೇಕಡಾ ಹತ್ತರಷ್ಟು ಚಿಕ್ಕದಿರಬೇಕಂತೆ, ಆಗಲೇ ಅಪ್ಪಿ ಕೂರುವುದು. ತೂತಿಗಿಂತ ಕೂದಲೆಳೆಯಷ್ಟು ದಪ್ಪವಾದ ಬುಷ್ಷನ್ನು ಒತ್ತಿ ಕೂರಿಸುವ ಪ್ರೆಸ್ ಫಿಟ್ ನನಗೆ ಗೊತ್ತು. ಆದರೆ ಅಲ್ಲಿ ಥೌಗಳ ಮಾತು, ಇಲ್ಲಿ ಬೊಗಸೆಗಳ ಮಾತು.

ಹಿಮ್ಮಡಿ ತಿರುಗಿಸುವುದು ಇದೆಯಲ್ಲ, ಅದನ್ನು ಕಂಡುಹಿಡಿದವರಿಗೆ ಯಾವ ಕಾಲೇಜು ಎಂಜಿನಿಯರಿಂಗ್ ಡಿಗ್ರಿ ಕೊಟ್ಟಿತ್ತೋ ಗೊತ್ತಿಲ್ಲ. ಅರ್ಧ ಕುಣಿಕೆಗಳನ್ನು, ಅಂದರೆ 32ನ್ನು ಮಾತ್ರ ಹಿಡಿದು 32 ಸಾಲು ಹಿಂದೆಮುಂದೆ ಹೆಣೆದು ಒಂದು ನಾಲಗೆ ಮಾಡಬೇಕು. ಆಮೇಲೆ ಸಾಲು ಮುಗಿಯುವ ಮೊದಲೇ ತಿರುಗಿ, ಎರಡು ಕುಣಿಕೆ ಸೇರಿಸಿ, ಮತ್ತೆ ತಿರುಗಿ... 32 ಇದ್ದದ್ದು 18 ಆಗುವಷ್ಟರಲ್ಲಿ ಚಪ್ಪಟೆ ಬಟ್ಟೆ ಬೊಗಸೆಯಾಗಿ ಬಾಗಿರುತ್ತದೆ. ಅಚ್ಚಿಲ್ಲ, ವೆಲ್ಡಿಂಗ್ ಇಲ್ಲ. ಎರಡೂ ಬದಿಯಲ್ಲಿ ಹದಿನಾರು ಹೊಸ ಕುಣಿಕೆ ಎತ್ತಿದರೆ, ಪಕ್ಕಕ್ಕಿಟ್ಟ 32 ಸೇರಿ ಒಟ್ಟು 82. ಮೆಲ್ಲಗೆ ಇಳಿಸುತ್ತ ಮತ್ತೆ 64. ಇಂಗ್ಲೆಂಡಿನ ವಿಲಿಯಂ ಲೀ ಎಂಬ ಪಾದ್ರಿ ಕಾಲುಚೀಲ ಹೆಣೆಯುವ ಯಂತ್ರ ಮಾಡಿದ್ದು 1589ರಲ್ಲಿ ಎಂದು ಓದಿದಾಗ ಅವನ ಮೇಲೆ ಸಿಟ್ಟು ಬರಲಿಲ್ಲ. ಅವನ ಹೊಟ್ಟೆಯ ಸಂಕಟ ನನಗೆ ಅರ್ಥವಾಯಿತು.

ಹಿಮ್ಮಡಿಯನ್ನು ನಾಲ್ಕು ಸಲ ಕೀಳಬೇಕಾಯಿತು. ಮೊದಲ ಸಲ ಕಿತ್ತವಳು ಹೆಂಡತಿ. ಎರಡು ದಿನದ ಕೆಲಸವನ್ನು ಸರ್ರನೆ ಎಳೆದುಬಿಟ್ಟಳು. ನನ್ನ ಎದೆ ಧಸಕ್ಕೆಂದಿತು. ಲೇಥ್ ಮೇಲೆ ಒಂದು ಥೌ ಜಾಸ್ತಿ ಕೊರೆದರೆ ಹೋದ ಕಬ್ಬಿಣ ಬ್ರಹ್ಮ ಬಂದರೂ ಮರಳಿ ಅಂಟುವುದಿಲ್ಲ. ಅದಕ್ಕೇ ನಾವು ಉಸಿರು ಬಿಗಿಹಿಡಿದು ಬದುಕಿದವರು. ಇಲ್ಲಿ ನೋಡಿದರೆ ತಪ್ಪೆಲ್ಲ ಸುರುಳಿ ಬಿಚ್ಚಿ ಮತ್ತೆ ದಾರವಾಗಿ ಅವಳ ತೊಡೆಯ ಮೇಲೆ ಬಿದ್ದಿತ್ತು, ಒಂದು ಗ್ರಾಂ ಕಡಿಮೆಯಾಗದೆ. ಅವತ್ತಿನಿಂದ ನನಗೆ ಹೆಣೆಯುವುದಕ್ಕಿಂತ ಕೀಳುವುದರಲ್ಲೇ ರುಚಿ ಹತ್ತಿತು. ಸರಿಯಾಗಿದ್ದದ್ದನ್ನೂ ಕಿತ್ತೆ. ಒಂದು ಸಲವಂತೂ ಬೆಣ್ಣೆದೋಸೆ ತಿಂದ ಕೈಯಲ್ಲೇ ಕಿತ್ತು ಬೈಸಿಕೊಂಡೆ.

ಬೆರಳ ತುದಿ ಮುಚ್ಚುವ ಹೊಲಿಗೆಗೆ ಕಿಚನರ್ ಹೊಲಿಗೆ ಎಂದು ಹೆಸರು. "ಅಡಿಗೆಮನೆಗೂ ಇದಕ್ಕೂ ಏನ್ರೀ ಸಂಬಂಧ?" ಎಂದಳು ಹೆಂಡತಿ. ಸಂಬಂಧ ಅಡಿಗೆಮನೆಗಲ್ಲ, ಮಗಳ ಊರಿಗೆ! ಆ ಊರಿನ ಹಳೆಯ ಹೆಸರು ಬರ್ಲಿನ್. ಮೊದಲ ಮಹಾಯುದ್ಧದ ನಡುವೆ ಜರ್ಮನ್ ಹೆಸರು ಬೇಡವೆಂದು 1916ರಲ್ಲಿ ಬದಲಾಯಿಸಿ, ಅದೇ ವರ್ಷ ಹಡಗು ಮುಳುಗಿ ಸತ್ತ ಬ್ರಿಟಿಷ್ ದಂಡನಾಯಕ ಕಿಚನರನ ಹೆಸರಿಟ್ಟರು. ಈ ಹೊಲಿಗೆಗೂ ಅವನದೇ ಹೆಸರು. 1902ರಿಂದ 1909ರವರೆಗೆ ಭಾರತದ ಸೈನ್ಯವೂ ಅವನ ಕೈಯಲ್ಲಿತ್ತು. ನಮ್ಮ ಹರಿಹರದಲ್ಲಿ ದಂಡನಾಯಕ ಪೋಲಾಳ್ವ 1224ರಲ್ಲಿ ಹರಿಹರೇಶ್ವರನಿಗೆ ಗುಡಿ ಕಟ್ಟಿಸಿ ಹೆಸರು ಉಳಿಸಿಕೊಂಡ. ಈ ದಂಡನಾಯಕ ಹೆಬ್ಬೆರಳ ತುದಿಯಲ್ಲಿ ಉಳಿದುಕೊಂಡಿದ್ದಾನೆ.

ಜೊತೆ ಮುಗಿದಾಗ ಒಂದು ಇನ್ನೊಂದಕ್ಕಿಂತ ಅರ್ಧ ಇಂಚು ಉದ್ದವಿತ್ತು. 500 ಥೌ. ಹೆಂಡತಿ ಎರಡನ್ನೂ ಎತ್ತಿ ಹಿಡಿದು "ಬಲಗಡೆ ಹರ, ಎಡಗಡೆ ಹರಿ. ಹರಿಹರದಾಗೆ ಇಂಥದ್ದಕ್ಕೇ ಕೈ ಮುಗೀತಾರೆ, ಕಳ್ಸಿ ಸುಮ್ನೆ" ಎಂದಳು. ಕೆನಡಾಕ್ಕೆ ಹೊರಟಿದ್ದ ಪಕ್ಕದ ಮನೆಯ ಹುಡುಗನ ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ ಬಾಟಲಿಯ ಜೊತೆ ಹೊರಟವು.

ವಾರದ ಮೇಲೆ ಮಗಳು ವಿಡಿಯೋ ಕಾಲ್ ಮಾಡಿದಳು. ಬರಿಗಾಲಲ್ಲಿದ್ದಳು. ಮನೆಯೊಳಗೆ ಹೀಟರ್ ಇದೆ, 22 ಡಿಗ್ರಿ. "ಕಾಲುಚೀಲ ಚೆನ್ನಾಗಿದಾವಪ್ಪ, ಎತ್ತಿಟ್ಟಿದ್ದೀನಿ" ಎಂದಳು. ಎತ್ತಿಟ್ಟಿದ್ದೀನಿ! ಅಷ್ಟರಲ್ಲಿ ಅಳಿಯಂದಿರು ತಲೆ ಹಾಕಿದರು. "ಮಾವ, ಆ ಕಪ್ಪದು ಭಾರೀ ಐತಿ. ಇನ್ನೊಂದು ಕಳಿಸ್ರಿ, ಶೇಂಗಾ ಚಟ್ನಿಪುಡಿ ಬಾಟಲಿಗೂ ಬೇಕು."

ನಾನು ಹೆಂಡತಿಯ ಕಡೆ ತಿರುಗಿದೆ. ಬಾಟಲಿ ಒಡೆಯದಿರಲೆಂದು ಅವಳು ಅದನ್ನು ನನ್ನ ಕಂಬಳಿ ಕಾಲುಚೀಲದೊಳಗೆ ಇಳಿಸಿ ಕಳಿಸಿದ್ದಳು. ಉಪ್ಪಿನಕಾಯಿ ಕಾಲು ಕಿಲೋ.

ಮರುದಿನ ಬೆಳಿಗ್ಗೆ ಮೆಡ್ಲೇರಿಯ ಉಂಡೆ ಹುಡುಕಿ ತೆಗೆದು, ಚಟ್ನಿಪುಡಿ ಬಾಟಲಿಗೆ ವರ್ನಿಯರ್ ಹಿಡಿದೆ. 74.2 ಮಿಲಿಮೀಟರ್. ಕಾಫಿ ಕುಡಿದು ಬಂದು ಮತ್ತೆ ಅಳೆದೆ. 74.2.